ಖೋಟಾ ನೋಟಿಗೆ ಹಾಕಿದ ಬೇಲಿ

ಐನೂರು ರೂಪಾಯಿಯ ಒಂದು ನೋಟು ಅಚ್ಚಾಗಿ ಬರಲು ತಗಲುವ ಖರ್ಚು ಎರಡು–ಮೂರು ರೂಪಾಯಿಯ ಆಸುಪಾಸು. ಮಿಕ್ಕಿದ್ದೆಲ್ಲ ನಂಬಿಕೆಯ ಬೆಲೆ. ತಯಾರಿಯ ಖರ್ಚಿಗೂ ನೋಟಿನ ಮುಖಬೆಲೆಗೂ ನಡುವಿನ ಈ ಅಂತರದಲ್ಲೇ ಖೋಟಾ ನೋಟಿನ ದಂಧೆ ಹುಟ್ಟುತ್ತದೆ. ಬೆಳ್ಳಿ ನಾಣ್ಯದ ನಕಲು ಮಾಡುವವನಿಗೆ ಮೇಲಿನ ಲೇಪಕ್ಕಾದರೂ ಬೆಳ್ಳಿ ಬೇಕಿತ್ತು. ನೋಟಿನ ನಕಲಿಗೆ ಕಾಗದ, ಶಾಯಿ, ಒಂದು ಯಂತ್ರ ಮತ್ತು ಭಂಡಧೈರ್ಯ ಸಾಕು.

ನಕಲು ಮಾಡಲು ಸಾಧ್ಯವೇ ಇಲ್ಲದ ನೋಟನ್ನು ಯಾವ ದೇಶವೂ ಇದುವರೆಗೆ ತಯಾರಿಸಿಲ್ಲ. ನಕಲಿನ ಕೆಲಸ ಆದಷ್ಟು ಕಷ್ಟವಾಗಲಿ, ದುಬಾರಿಯಾಗಲಿ, ಬೇಗ ಸಿಕ್ಕಿಬೀಳಲಿ ಎಂಬುದಷ್ಟೇ ಸರ್ಕಾರಗಳ ಲೆಕ್ಕಾಚಾರ. ಆ ಕಷ್ಟವನ್ನು ಕಾಗದದಲ್ಲಿ, ಶಾಯಿಯಲ್ಲಿ, ಅಚ್ಚಿನಲ್ಲಿ, ಲೆಕ್ಕದ ಪುಸ್ತಕದಲ್ಲಿ, ಕಾನೂನಿನಲ್ಲಿ ಹಂಚಿಟ್ಟಿದ್ದಾರೆ. ಇಷ್ಟಾದ ಮೇಲೂ ನೋಟು ಮೊದಲ ಪರೀಕ್ಷೆಗೆ ಒಳಗಾಗುವುದು ಸಂತೆಯಲ್ಲಿ ಸೊಪ್ಪು ಮಾರುವವರ, ಬಸ್ ಕಂಡಕ್ಟರರ, ಪೆಟ್ರೋಲ್ ಬಂಕಿನ ಹುಡುಗರ ಕೈಯಲ್ಲಿ, ಅದೂ ಎರಡು ಸೆಕೆಂಡಿನಲ್ಲಿ. ಆದ್ದರಿಂದ ನೋಟಿನ ಪ್ರತಿಯೊಂದು ಭದ್ರತಾ ಗುರುತನ್ನೂ ಅಳೆಯಬೇಕಾದ ಅಳತೆಗೋಲು ಒಂದೇ ಎಂದು ನನ್ನ ನಂಬಿಕೆ: ಅದು ಆ ಕೈಗೆ ಗೊತ್ತಾಗುತ್ತದೆಯೇ ಇಲ್ಲವೇ?

ಮೊದಲು ಬಂದದ್ದು ಬೆದರಿಕೆ

ಕಾಗದದ ಹಣಕ್ಕಿಂತ ಖೋಟಾ ಹಣ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಖೋಟಾ ನಾಣ್ಯ ಮಾಡುವವನನ್ನು ಪತ್ತೆ ಹಚ್ಚುವ ಬಗೆಯನ್ನು ಹೇಳಿದೆ. ಪದೇ ಪದೇ ಲೋಹ, ಕ್ಷಾರ, ಇದ್ದಿಲು, ತಿದಿ, ಮೂಸೆ ಕೊಳ್ಳುವವನ ಮೇಲೆ ಕಣ್ಣಿಡು ಎನ್ನುತ್ತದೆ ಆ ಗ್ರಂಥ. ಕಚ್ಚಾ ಸಾಮಗ್ರಿಯ ಮೇಲೆ ಹಿಡಿತವಿದ್ದರೆ ಅರ್ಧ ಕೆಲಸ ಆದಂತೆ ಎಂಬ ಈ ತಿಳಿವಳಿಕೆಯೇ ಇವತ್ತಿಗೂ ನೋಟಿನ ಕಾಗದ, ನೋಟಿನ ಶಾಯಿಯ ವ್ಯಾಪಾರವನ್ನು ಆಳುತ್ತಿದೆ.

ಕಾಗದದ ಹಣ ಮೊದಲು ಓಡಾಡಿದ್ದು ಚೀನಾದಲ್ಲಿ. 1375ರಲ್ಲಿ ಮಿಂಗ್ ರಾಜವಂಶ ಹೊರಡಿಸಿದ ನೋಟು ಹಿಪ್ಪುನೇರಳೆ ಜಾತಿಯ ಮರದ ತೊಗಟೆಯ ಕಾಗದದ್ದು. ಖೋಟಾ ಮಾಡಿದವನ ತಲೆ ಕಡಿಯಲಾಗುವುದು, ಹಿಡಿದುಕೊಟ್ಟವನಿಗೆ 250 ಲಿಯಾಂಗ್ (ಚೀನಾದ ಒಂದು ತೂಕ) ಬೆಳ್ಳಿಯ ಜೊತೆಗೆ ಅಪರಾಧಿಯ ಆಸ್ತಿಯೂ ಸಿಗುವುದು ಎಂದು ನೋಟಿನ ಮೇಲೆಯೇ ಅಚ್ಚು ಹಾಕಿದ್ದರು. ಶಿಕ್ಷೆಯೂ ಬಹುಮಾನವೂ ಒಂದೇ ಹಾಳೆಯಲ್ಲಿ.

ಬೆದರಿಕೆ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಸಾಕು. ಫ್ರಾನ್ಸಿನ ಜೊತೆ ಯುದ್ಧ ನಡೆಯುತ್ತಿದ್ದ 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ, ಒಂದು ಮತ್ತು ಎರಡು ಪೌಂಡಿನ ಸಣ್ಣ ನೋಟುಗಳನ್ನು ಹೊರಡಿಸಿತು. ಅಲ್ಲಿಯವರೆಗೆ ನೋಟನ್ನೇ ಮುಟ್ಟದ ಕೂಲಿಯವರು, ಓದು ಬಾರದವರು ಅವನ್ನು ಬಳಸಬೇಕಾಯಿತು. ಆ ನೋಟಾದರೋ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಒಂದೇ ಬದಿಗೆ ಅಚ್ಚಾದದ್ದು. ಸಾಧಾರಣ ಕೆತ್ತನೆಗಾರನೂ ನಕಲು ಮಾಡಬಹುದಾದಷ್ಟು ಸರಳ. ಮುಂದಿನ ಎರಡು–ಎರಡೂವರೆ ದಶಕದಲ್ಲಿ ಖೋಟಾ ನೋಟಿನ ಅಪರಾಧಕ್ಕಾಗಿ 300ಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಹಲವರು ನೋಟು ಮಾಡಿದವರಲ್ಲ, ದಾಟಿಸಿದ ಬಡವರು. 1819ರಲ್ಲಿ ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶಾಂಕ್ ನೇಣುಗಂಬದಲ್ಲಿ ನೇತಾಡುವ ಹೆಣಗಳ ಸಾಲನ್ನೇ ಅಲಂಕಾರವಾಗಿಸಿ ಒಂದು ಅಣಕು ನೋಟು ಬರೆದು ಪ್ರಕಟಿಸಿದ. ಅದನ್ನು ಕೊಳ್ಳಲು ಜನ ಮುಗಿಬಿದ್ದರು. ಸುಲಭವಾಗಿ ನಕಲಾಗುವ ನೋಟನ್ನು ಜನರ ಕೈಗಿಟ್ಟು, ನಕಲಾದಾಗ ಜನರನ್ನೇ ಕೊಲ್ಲುವುದು ಎಂಥ ನ್ಯಾಯ ಎಂದು ಆ ಚಿತ್ರ ಕೇಳಿತ್ತು. 1830ರ ದಶಕದಲ್ಲಿ ಇಂಗ್ಲೆಂಡ್ ಈ ಅಪರಾಧಕ್ಕೆ ಮರಣದಂಡನೆಯನ್ನು ಕೈಬಿಟ್ಟಿತು.

ಅದೇ ಸಮಸ್ಯೆಗೆ ಅಟ್ಲಾಂಟಿಕ್‌ನ ಆಚೆ ಬೆಂಜಮಿನ್ ಫ್ರಾಂಕ್ಲಿನ್ ಬೇರೆ ದಾರಿ ಹುಡುಕಿದ್ದ. ವೃತ್ತಿಯಿಂದ ಮುದ್ರಕನಾಗಿದ್ದ ಆತ 1730ರ ದಶಕದ ಕೊನೆಯಿಂದ ಅಮೆರಿಕದ ವಸಾಹತುಗಳ ನೋಟಿನ ಹಿಂಬದಿಗೆ ನಿಜವಾದ ಮರದ ಎಲೆಯಿಂದ ಎರಕ ತೆಗೆದ ಅಚ್ಚನ್ನು ಒತ್ತುತ್ತಿದ್ದ. ಎಲೆಯ ನರಗಳು ಒಂದೆಡೆ ದಪ್ಪ, ಒಂದೆಡೆ ಕೂದಲಿನಷ್ಟು ತೆಳು. ಅವನ್ನು ಉಳಿ ಹಿಡಿದು ಕೆತ್ತಲು ಯಾವ ಕೈಗೂ ಆಗುತ್ತಿರಲಿಲ್ಲ. ಆ ನೋಟುಗಳ ಮೇಲೂ ಮರಣದಂಡನೆಯ ಎಚ್ಚರಿಕೆ ಇತ್ತು, ನಿಜ. ಆದರೆ ನಕಲುಗಾರನನ್ನು ಹೆಚ್ಚು ಕಾಡಿದ್ದು ಎಲೆಯೇ ಇರಬೇಕು.

ನಮ್ಮ ನೋಟು ಕಲಿತ ಪಾಠಗಳು

ಭಾರತದಲ್ಲಿ ನೋಟು ಹೊರಡಿಸುವ ಹಕ್ಕು ಖಾಸಗಿ ಮತ್ತು ಪ್ರೆಸಿಡೆನ್ಸಿ ಬ್ಯಾಂಕುಗಳಿಂದ ಸರ್ಕಾರದ ಕೈಗೆ ಬಂದದ್ದು 1861ರ ಕಾಗದದ ಹಣದ ಕಾಯ್ದೆಯಿಂದ. ಮೊದಲು ಬಂದವು ವಿಕ್ಟೋರಿಯಾ ರಾಣಿಯ ಮುಖವಿದ್ದ, ಒಂದೇ ಬದಿಗೆ ಅಚ್ಚಾದ ನೋಟುಗಳು. ಕಾಗದ ಇಂಗ್ಲೆಂಡಿನಿಂದ ಬರುತ್ತಿತ್ತು, ಕೈಯಲ್ಲಿ ಎತ್ತಿ ತಯಾರಿಸಿದ್ದು. ಆರೇ ವರ್ಷದಲ್ಲಿ ಅವುಗಳ ಖೋಟಾ ಎಷ್ಟು ಹೆಚ್ಚಿತೆಂದರೆ, 1867ರಲ್ಲಿ ಸರ್ಕಾರ ಅವನ್ನು ಹಿಂದಕ್ಕೆ ಪಡೆದು ಬಣ್ಣದ ಹಿನ್ನೆಲೆಯುಳ್ಳ ಬೇರೆ ಸರಣಿ ತಂದಿತು. ಆ ಕಾಲದಲ್ಲಿ ದೂರದೂರಿಗೆ ಹಣ ಕಳಿಸುವವರು ನೋಟನ್ನು ಎರಡು ತುಂಡು ಮಾಡಿ, ಒಂದು ತುಂಡನ್ನು ಅಂಚೆಯಲ್ಲಿ ಕಳಿಸಿ, ಅದು ಮುಟ್ಟಿದ ಸುದ್ದಿ ಬಂದ ಮೇಲೆ ಇನ್ನೊಂದನ್ನು ಕಳಿಸುತ್ತಿದ್ದರು. ಕಳವಿನ ಭಯಕ್ಕೆ ಜನ ತಾವೇ ಕಂಡುಕೊಂಡ ಭದ್ರತೆ ಅದು.

ಎರಡನೆಯ ದೊಡ್ಡ ಪಾಠ ಯುದ್ಧಕಾಲದ್ದು. ಎರಡನೇ ಮಹಾಯುದ್ಧದಲ್ಲಿ ಭಾರತದ ಹಣಕಾಸು ಕೆಡಿಸಲೆಂದು ಜಪಾನ್ ಹತ್ತು ರೂಪಾಯಿ ನೋಟಿನ ಒಳ್ಳೆಯ ನಕಲುಗಳನ್ನು ಹರಿಯಬಿಟ್ಟಿತು. ಆರನೇ ಜಾರ್ಜ್ ದೊರೆಯ ಪಕ್ಕನೋಟದ ಚಿತ್ರ ಹೋಗಿ ಎದುರುಮುಖದ ಚಿತ್ರ ಬಂದದ್ದು, ಕಾಗದದೊಳಗಿನ ನೀರಚ್ಚು ಬದಲಾದದ್ದು ಆಗಲೇ. ಭಾರತದ ನೋಟಿನಲ್ಲಿ ಮೊತ್ತಮೊದಲ ಬಾರಿಗೆ ಭದ್ರತಾ ಎಳೆ ಸೇರಿದ್ದೂ ಆ ಹೊತ್ತಿನಲ್ಲಿ, 1944ರಲ್ಲಿ. ನಾವು ಬೆಳಕಿಗೆ ಹಿಡಿದು ನೋಡುವ ಆ ಎಳೆಯ ಹಿಂದೆ ಒಂದು ಯುದ್ಧವಿದೆ.

ಕಾಗದ ಎಂದರೆ ಹತ್ತಿ

ಪುಸ್ತಕ, ಪತ್ರಿಕೆಗಳ ಕಾಗದ ಬರುವುದು ಮರದ ತಿರುಳಿನಿಂದ. ನಮ್ಮ ನೋಟಿನ ಕಾಗದ ಹತ್ತಿಯ ನಾರಿನದು. ಅಂಗಿಯ ಜೇಬಿನಲ್ಲಿ ಉಳಿದು ಒಗೆತಕ್ಕೆ ಹೋದ ನೋಟು ಹರಿಯದೆ ಹೊರಬರುವುದು ಇದರಿಂದಲೇ. ಹೊಸ ನೋಟನ್ನು ಬೆರಳ ನಡುವೆ ಹಿಡಿದು ಝಾಡಿಸಿದರೆ ಬರುವ ಗರಿಗರಿ ಸದ್ದು ಕೂಡ ಈ ನಾರಿನದೇ. ಹಳಬ ಕ್ಯಾಷಿಯರುಗಳು ಕಂತೆ ಎಣಿಸುವಾಗ ನಡುವೆ ಒಂದು ನೋಟಿಗೆ ಕೈ ತಡೆಯುವುದನ್ನು ನೋಡಬಹುದು. ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಕಾಗದದ ವ್ಯತ್ಯಾಸ ತಿಳಿದಿರುತ್ತದೆ.

ನೀರಚ್ಚು, ಅಂದರೆ ವಾಟರ್‌ಮಾರ್ಕ್, ಶಾಯಿಯಿಂದ ಆಗುವ ಕೆಲಸವೇ ಅಲ್ಲ. ನೀರಿನಲ್ಲಿ ಕದಡಿದ ಹತ್ತಿಯ ತಿರುಳಿನಲ್ಲಿ ತಂತಿ ಬಲೆ ಹೊದಿಸಿದ ಉರುಳೆಯೊಂದು ಸುತ್ತುತ್ತದೆ. ಬಲೆಯ ಮೇಲೆ ಗಾಂಧೀಜಿಯ ಮುಖದ ಉಬ್ಬುತಗ್ಗುಗಳನ್ನು ಮೊದಲೇ ಒತ್ತಿರುತ್ತಾರೆ. ನೀರು ಸೋರಿಹೋದಂತೆ ನಾರು ಬಲೆಗೆ ಅಂಟುತ್ತದೆ. ದೋಸೆ ಹಿಟ್ಟು ತಗ್ಗಿದ್ದಲ್ಲಿ ದಪ್ಪಗೆ, ಉಬ್ಬಿದ್ದಲ್ಲಿ ತೆಳ್ಳಗೆ ನಿಲ್ಲುವ ಹಾಗೆ. ದಪ್ಪಗಿರುವ ಕಡೆ ಬೆಳಕಿಗೆ ನೆರಳು, ತೆಳ್ಳಗಿರುವ ಕಡೆ ಬೆಳಕು. ಹೀಗೆ ಕೆನ್ನೆಯ ನೆರಳಿನಿಂದ ಹಣೆಯ ಬೆಳಕಿನವರೆಗೆ ಮುಖ ಮೃದುವಾಗಿ ಮೂಡುತ್ತದೆ. ಪಕ್ಕದಲ್ಲೇ 500 ಎಂಬ ಅಂಕಿ ಇನ್ನೂ ಪ್ರಖರವಾಗಿ ಕಾಣುತ್ತದೆ. ಅದಕ್ಕಾಗಿ ಬಲೆಗೆ ತೆಳುವಾದ ಲೋಹದ ಅಂಕಿಯನ್ನೇ ಜೋಡಿಸಿ, ಅಲ್ಲಿ ನಾರು ಕೂರದಂತೆ ತಡೆದಿರುತ್ತಾರೆ. ಖೋಟಾದವರು ಬಿಳಿ ಶಾಯಿಯಿಂದಲೋ ಎಣ್ಣೆಯಿಂದಲೋ ಈ ಮುಖವನ್ನು ಬರೆಯಲು ನೋಡುತ್ತಾರೆ. ಅದು ಬೆಳಕಿಗೆ ಹಿಡಿಯದೆಯೂ ಕಾಣುತ್ತದೆ, ಅಂಚುಗಳು ಗೆರೆ ಎಳೆದಂತಿರುತ್ತವೆ. ನಿಜವಾದ ನೀರಚ್ಚಿಗೆ ಗೆರೆಯೇ ಇರುವುದಿಲ್ಲ.

ಭದ್ರತಾ ಎಳೆ ಕಾಗದದೊಳಗೆ ಸೇರುವುದೂ ಈ ಹಂತದಲ್ಲೇ, ತಿರುಳು ಹಾಳೆಯಾಗುವ ಹೊತ್ತಿನಲ್ಲಿ. ಲೋಹದ ಎಳೆಯನ್ನು ಮೊದಲು ನೋಟಿಗೆ ಹಾಕಿದ್ದು ಬ್ಯಾಂಕ್ ಆಫ್ ಇಂಗ್ಲೆಂಡ್, 1940ರಲ್ಲಿ, ಒಂದು ಪೌಂಡಿನ ನೋಟಿಗೆ. ನಮ್ಮ ಐನೂರರ ನೋಟಿನ ಎಳೆ ಕಾಗದದ ಒಳಗೆ ಮುಳುಗುತ್ತ, ಕಿಟಕಿಗಳಲ್ಲಿ ಇಣುಕುತ್ತ ಸಾಗುತ್ತದೆ. ಅದರ ಮೇಲೆ ದೇವನಾಗರಿಯಲ್ಲಿ ‘ಭಾರತ್’ ಎಂದೂ ಇಂಗ್ಲಿಷಿನಲ್ಲಿ ‘ಆರ್‌ಬಿಐ’ ಎಂದೂ ಬರೆದಿದೆ. ನೋಟನ್ನು ಓರೆ ಮಾಡಿದರೆ ಹಸಿರು ನೀಲಿಯಾಗುತ್ತದೆ.

ಕಾಗದ ಎಷ್ಟು ಮುಖ್ಯ ಎಂಬುದು ನಾಜಿ ಜರ್ಮನಿಯವರಿಗೆ ಚೆನ್ನಾಗಿ ಅರ್ಥವಾಗಿತ್ತು. 1942ರಿಂದ ಸಾಕ್ಸೆನ್‌ಹೌಸೆನ್ ಸೆರೆಶಿಬಿರದಲ್ಲಿ ಬರ್ನ್‌ಹಾರ್ಡ್ ಕ್ರೂಗರ್ ಎಂಬ ಅಧಿಕಾರಿ ಸುಮಾರು 140 ಯೆಹೂದಿ ಕೈದಿಗಳಿಂದ ಬ್ರಿಟಿಷ್ ಪೌಂಡ್ ನೋಟುಗಳನ್ನು ಮಾಡಿಸಿದ. ಬ್ರಿಟನ್ನಿನ ನೋಟಿನ ಕಾಗದ ನಾರುಬಟ್ಟೆಯ ಚಿಂದಿಯಿಂದ ಆಗುತ್ತಿತ್ತು. ಜರ್ಮನ್ನರು ಹೊಸ ನಾರುಬಟ್ಟೆಯಿಂದ ಮಾಡಿದ ಕಾಗದ ಅತಿನೇರಳೆ ದೀಪದಡಿ ಬೇರೆಯದೇ ಬಣ್ಣ ತೋರಿತು. ಬಳಸಿ ಕೊಳೆಯಾದ ಚಿಂದಿಯನ್ನು ತಂದು, ತೊಳೆದು, ಅದರಿಂದ ಕಾಗದ ಮಾಡಿದ ಮೇಲೆ ನಕಲು ಅಸಲಿನ ಹತ್ತಿರಕ್ಕೆ ಬಂತು. ಪ್ರಾಣದ ಹೆದರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಆ ಕೈದಿಗಳ ಕಥೆ ಬೇರೆಯದೇ ಬರಹವನ್ನು ಬೇಡುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡ್ 1943ರಲ್ಲಿ ಹತ್ತು ಪೌಂಡ್ ಮತ್ತು ಅದಕ್ಕೂ ಮೇಲಿನ ನೋಟುಗಳ ವಿತರಣೆಯನ್ನೇ ನಿಲ್ಲಿಸಿತು. ಹತ್ತು ಪೌಂಡಿನ ನೋಟು ಮತ್ತೆ ಬಂದದ್ದು 1964ರಲ್ಲಿ. ಯುದ್ಧದ ಕೊನೆಗೆ ಆಸ್ಟ್ರಿಯಾದ ಟೋಪ್ಲಿಟ್ಸ್ ಸರೋವರಕ್ಕೆ ಎಸೆದಿದ್ದ ಖೋಟಾ ನೋಟಿನ ಪೆಟ್ಟಿಗೆಗಳನ್ನು 1959ರಲ್ಲಿ ಮೇಲೆತ್ತಲಾಯಿತು.

ಬೆರಳಿಗೆ ತಾಗುವ ಶಾಯಿ

ನೋಟಿನ ಮೇಲೆ ಒಂದಲ್ಲ, ಹಲವು ಬಗೆಯ ಮುದ್ರಣಗಳಿವೆ. ಹಿನ್ನೆಲೆಯ ನಯವಾದ ಬಣ್ಣಗಳು ಆಫ್‌ಸೆಟ್‌ನಲ್ಲಿ, ಎರಡೂ ಬದಿಗೆ ಒಂದೇ ಸಲ ಬೀಳುತ್ತವೆ. ಆದ್ದರಿಂದಲೇ ನೋಟಿನ ಎಡಬದಿಯಲ್ಲಿ ಒಂದು ಚಮತ್ಕಾರ ಸಾಧ್ಯವಾಗಿದೆ. ಅಲ್ಲಿ 500 ಎಂಬ ಅಂಕಿಯ ಒಂದಷ್ಟು ತುಣುಕು ಮುಂಬದಿಯಲ್ಲಿ, ಉಳಿದದ್ದು ಹಿಂಬದಿಯಲ್ಲಿ ಅಚ್ಚಾಗಿದ್ದು, ಬೆಳಕಿಗೆ ಹಿಡಿದಾಗ ಎರಡೂ ಕೂಡಿ ಪೂರ್ತಿ ಅಂಕಿಯಾಗುತ್ತದೆ. ಒಂದು ಬದಿ ಅಚ್ಚು ಹಾಕಿ, ಹಾಳೆ ಮಗುಚಿ, ಇನ್ನೊಂದು ಬದಿ ಹಾಕುವ ಸಾಮಾನ್ಯ ಯಂತ್ರದಲ್ಲಿ ಇದು ಕೂದಲೆಳೆಯಷ್ಟಾದರೂ ಜರುಗುತ್ತದೆ.

ಇದಕ್ಕಿಂತ ಮೇಲಿನದು ಉಬ್ಬು ಮುದ್ರಣ. ಲೋಹದ ಫಲಕದಲ್ಲಿ ಗೆರೆಗಳನ್ನು ಆಳವಾಗಿ ಕೊರೆದು, ಆ ಗೆರೆಗಳೊಳಗೆ ಮಂದ ಶಾಯಿ ತುಂಬಿ, ಮೇಲ್ಮೈಯ ಶಾಯಿಯನ್ನು ಪೂರ್ತಿ ಒರೆಸಿ, ಕಾಗದವನ್ನು ಭಾರಿ ಒತ್ತಡದಲ್ಲಿ ಫಲಕಕ್ಕೆ ಅದುಮುತ್ತಾರೆ. ಕಾಗದವೇ ಗೆರೆಯೊಳಕ್ಕೆ ನುಗ್ಗಿ ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಹೀಗೆ ಬಂದ ಗೆರೆ ಕಾಗದದ ಮಟ್ಟದಿಂದ ಮೇಲಕ್ಕೆದ್ದು ನಿಲ್ಲುತ್ತದೆ. ಗಾಂಧೀಜಿಯ ಚಿತ್ರ, ಬಲಬದಿಯ ಅಶೋಕಸ್ತಂಭ, ಎರಡೂ ಅಂಚಿನ ಓರೆಗೆರೆಗಳು ಉಬ್ಬಿರುವುದು ಇದರಿಂದ. ಐನೂರರ ನೋಟಿನ ಅಂಚಿನಲ್ಲಿ ಇಂಥ ಐದು ಗೆರೆಗಳಿವೆ, ನೂರರಲ್ಲಿ ನಾಲ್ಕು, ಇನ್ನೂರರಲ್ಲಿ ನಾಲ್ಕು ಗೆರೆಗಳ ನಡುವೆ ಎರಡು ಪುಟ್ಟ ವೃತ್ತ. ಜೊತೆಗೆ ಬಲಕ್ಕೆ ಐನೂರಕ್ಕೊಂದು ವೃತ್ತ, ನೂರಕ್ಕೊಂದು ತ್ರಿಕೋನ. ಕಣ್ಣು ಕಾಣದವರು ನೋಟನ್ನು ಗುರುತಿಸಲೆಂದು ಇವನ್ನು ಇಟ್ಟದ್ದು. ಆದರೆ ನನ್ನ ಮಟ್ಟಿಗೆ ಇಡೀ ನೋಟಿನ ಅತ್ಯುತ್ತಮ ಭದ್ರತೆ ಇದೇ. ಮನೆಯ ಪ್ರಿಂಟರಿನ ಶಾಯಿ ಕಾಗದದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಉಗುರಿನಿಂದ ಅಂಚು ಸವರಿದರೆ ಸಾಕು, ದೀಪ ಬೇಡ, ಮಸೂರ ಬೇಡ, ಅಕ್ಷರಜ್ಞಾನವೂ ಬೇಡ.

ಐನೂರರ ಅಂಕಿ ಬಣ್ಣ ಬದಲಿಸುವುದರ ಗುಟ್ಟು ಶಾಯಿಯಲ್ಲಿದೆ. ನೋಟಿನ ಕೆಳಗಡೆ ಬಲಕ್ಕಿರುವ ₹500, ನೇರ ನೋಡಿದರೆ ಹಸಿರು, ಓರೆ ಹಿಡಿದರೆ ನೀಲಿ. ಆ ಶಾಯಿಯಲ್ಲಿ ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಿದ ಹುಡಿ ಇದೆ. ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿಯೋ ಕಳೆದೋ, ನೋಡುವ ಕೋನಕ್ಕೆ ತಕ್ಕ ಬಣ್ಣ ಉಳಿಯುತ್ತದೆ. ಝೆರಾಕ್ಸ್ ಯಂತ್ರ ಒಂದೇ ಕೋನದಿಂದ ನೋಡುತ್ತದೆ, ಹಾಗಾಗಿ ಅದರ ಪ್ರತಿಯಲ್ಲಿ ಬಣ್ಣ ಸತ್ತುಹೋಗಿರುತ್ತದೆ. ಇಂಥ ಶಾಯಿಯನ್ನು ಅಂಗಡಿಯಲ್ಲಿ ಮಾರುವುದಿಲ್ಲ, ತಯಾರಕರು ನೋಟು ಮುದ್ರಣಾಲಯಗಳಿಗಷ್ಟೇ ಒದಗಿಸುತ್ತಾರೆ.

ಸೂಕ್ಷ್ಮಾಕ್ಷರಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮಸೂರ ಹಿಡಿದರೆ ‘ಭಾರತ್’, ‘ಇಂಡಿಯಾ’ ಎಂಬ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ, ನಕಲಿಯಲ್ಲಿ ಕಲಸಿದ ಗೆರೆಯಾಗುತ್ತವೆ, ನಿಜ. ಆದರೆ ಸಂತೆಗೆ ಮಸೂರ ತರುವವರು ಯಾರು?

ಯಂತ್ರದ ಕಣ್ಣಿಗೆ

ಬ್ಯಾಂಕಿನ ಕೌಂಟರಿನಲ್ಲಿರುವ ಅತಿನೇರಳೆ ದೀಪದ ಕೆಳಗೆ ಸಾಮಾನ್ಯ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಕಾರಣ ಅದಕ್ಕೆ ಬಿಳುಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ. ನೋಟಿನ ಕಾಗದಕ್ಕೆ ಅದನ್ನು ಸೇರಿಸುವುದಿಲ್ಲವಾದ್ದರಿಂದ ಅದು ಮಂಕಾಗಿಯೇ ಉಳಿಯುತ್ತದೆ. ಅದರ ಸಂಖ್ಯೆ ಮತ್ತು ಅಲ್ಲಲ್ಲಿ ಹುದುಗಿದ ನಾರೆಳೆಗಳು ಮಾತ್ರ ಬೆಳಗುತ್ತವೆ. ಸೋಪಿನ ಪುಡಿಯಲ್ಲೂ ಇಂಥದೇ ಬಿಳುಪಿನ ರಾಸಾಯನಿಕ ಇರುವುದರಿಂದ, ಒಗೆತದ ಬಕೆಟ್ಟಿನಿಂದ ಬಂದ ಅಸಲಿ ನೋಟು ಕೂಡ ದೀಪದಡಿ ಹೊಳೆದು ಅನುಮಾನಕ್ಕೆ ಗುರಿಯಾಗಬಹುದು. ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು ಎನ್ನುವುದು ಇದಕ್ಕಾಗಿ.

ನೋಟು ಎಣಿಸುವ, ಬೇರ್ಪಡಿಸುವ ಯಂತ್ರಗಳು ಶಾಯಿಯ ಕಾಂತಗುಣ, ಅವಕೆಂಪು ಬೆಳಕಿನಲ್ಲಿ ಅದರ ನಡವಳಿಕೆ ಮೊದಲಾದವನ್ನು ಓದಬಲ್ಲವು. ನೂರು ಮತ್ತು ಅದಕ್ಕೂ ಮೇಲಿನ ನೋಟುಗಳನ್ನು ಯಂತ್ರದಲ್ಲಿ ಪರೀಕ್ಷಿಸದೆ ಮತ್ತೆ ಜನರಿಗೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿದೆ. ಇವುಗಳ ಆಚೆಗೆ, ಕೇಂದ್ರೀಯ ಬ್ಯಾಂಕುಗಳು ತಮ್ಮಲ್ಲೇ ಇಟ್ಟುಕೊಳ್ಳುವ ಗುಟ್ಟಿನ ಗುರುತುಗಳೂ ಇರುತ್ತವೆ.

ಬಣ್ಣದ ಝೆರಾಕ್ಸ್ ಬಂದ ಮೇಲೆ ನಕಲಿಗೆ ಕೆತ್ತನೆಯ ಕೈಚಳಕವೇ ಬೇಡವಾಯಿತು. ಇದಕ್ಕೆ ತಯಾರಕರು ಮತ್ತು ಕೇಂದ್ರೀಯ ಬ್ಯಾಂಕುಗಳು ಸೇರಿ ಹೂಡಿದ ಉಪಾಯ ಬಹುಕಾಲ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. 2002ರಲ್ಲಿ ಕೇಂಬ್ರಿಜ್‌ನ ಕಂಪ್ಯೂಟರ್ ವಿಜ್ಞಾನಿ ಮಾರ್ಕಸ್ ಕೂನ್ ಬಣ್ಣದ ಝೆರಾಕ್ಸ್ ಯಂತ್ರವೊಂದು ಯೂರೋ ನೋಟನ್ನು ಪ್ರತಿ ಮಾಡಲು ಒಪ್ಪದ್ದನ್ನು ಕಂಡು ಕಾರಣ ಹುಡುಕಿದರು. ನೋಟಿನ ತುಂಬ ಚೆಲ್ಲಿದ ಐದೈದು ಪುಟ್ಟ ಉಂಗುರಗಳ ಒಂದು ವಿನ್ಯಾಸವನ್ನು ಯಂತ್ರ ಗುರುತಿಸುತ್ತಿತ್ತು. ಹಲವು ದೇಶಗಳ ನೋಟಿನಲ್ಲಿ ಈ ಉಂಗುರಗಳು ಹೂವಾಗಿ, ಅಂಕಿಯಾಗಿ, ಅಲಂಕಾರವಾಗಿ ಅವಿತಿವೆ. ಫೋಟೋಶಾಪ್ ತಂತ್ರಾಂಶ ಕೂಡ ನೋಟಿನ ಚಿತ್ರವನ್ನು ಗುರುತಿಸಿ ತೆರೆಯಲು ನಿರಾಕರಿಸುತ್ತದೆ ಎಂಬುದು 2004ರಲ್ಲಿ ಬಯಲಾಯಿತು.

ಇಲ್ಲಿ ವದಂತಿಗಳ ಬಗ್ಗೆಯೂ ಹೇಳಬೇಕು. 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಉಪಗ್ರಹಕ್ಕೆ ಕಾಣುವ ಚಿಪ್ ಇದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ್ದು ಶುದ್ಧ ಸುಳ್ಳು. ಹಸಿರು ಎಳೆ ಗಾಂಧೀಜಿಯ ಚಿತ್ರಕ್ಕೆ ಹತ್ತಿರವಿದ್ದರೆ ಐನೂರರ ನೋಟು ನಕಲಿ ಎಂಬುದೂ ಸುಳ್ಳು. ಸಂಖ್ಯೆಯ ನಡುವೆ ನಕ್ಷತ್ರವಿರುವ ನೋಟು ಖೋಟಾ ಎಂಬ ಗುಲ್ಲಿಗೆ 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕೇ ಉತ್ತರ ಕೊಡಬೇಕಾಯಿತು. ಕಟ್ಟಿನಲ್ಲಿ ಅಚ್ಚು ಕೆಟ್ಟ ನೋಟಿಗೆ ಬದಲಾಗಿ ಸೇರಿಸಿದ ಅಸಲಿ ನೋಟಿಗೇ ಆ ನಕ್ಷತ್ರ ಇರುವುದು. ಇಂಥ ವದಂತಿಯಿಂದ ಅಸಲಿ ನೋಟು ಹಿಡಿದ ಬಡವರು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಅದು ಖೋಟಾ ನೋಟಿನಷ್ಟೇ ಕೆಟ್ಟ ಹಾನಿ.

ಮೈಸೂರಿನ ಪಾಲು

ಭಾರತದ ನೋಟು ಹುಟ್ಟುವ ಜಾಗಗಳು ನಾಲ್ಕು: ಮಹಾರಾಷ್ಟ್ರದ ನಾಸಿಕ್, ಮಧ್ಯಪ್ರದೇಶದ ದೇವಾಸ್, ಪಶ್ಚಿಮ ಬಂಗಾಳದ ಸಾಲ್ಬೋನಿ ಮತ್ತು ನಮ್ಮ ಮೈಸೂರು. ಮೊದಲೆರಡು ಕೇಂದ್ರ ಸರ್ಕಾರದ ನಿಗಮದವು. ಕೊನೆಯೆರಡನ್ನು ನಡೆಸುವುದು 1995ರಲ್ಲಿ ರಿಸರ್ವ್ ಬ್ಯಾಂಕ್ ಕಟ್ಟಿದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಕಂಪನಿ. ಎರಡೂ ಸೇರಿ, ಎರಡು ಪಾಳಿಯಲ್ಲಿ, ವರ್ಷಕ್ಕೆ 1,600 ಕೋಟಿ ನೋಟು ಅಚ್ಚು ಹಾಕಬಲ್ಲವು.

ಒಂದು ಕಾಲಕ್ಕೆ ದೇಶದ ಮುದ್ರಣ ಸಾಮರ್ಥ್ಯ ಸಾಲದೆ, 1997–98ರಲ್ಲಿ ನೂರು ಮತ್ತು ಐನೂರು ರೂಪಾಯಿಯ 360 ಕೋಟಿ ನೋಟುಗಳನ್ನು ಹೊರದೇಶದ ಕಂಪನಿಗಳಿಂದ ಅಚ್ಚು ಹಾಕಿಸಬೇಕಾಗಿ ಬಂದಿತ್ತು. ನಮ್ಮ ನೋಟಿನ ಅಚ್ಚು ಪರದೇಶದ ಕಾರ್ಖಾನೆಯಲ್ಲಿ ಇರುವುದೆಂದರೆ ಎಂಥ ಅಪಾಯ ಎಂದು ಸಂಸತ್ತಿನ ಸಮಿತಿಯೊಂದು ಮುಂದೆ ಕಟುವಾಗಿಯೇ ಟೀಕಿಸಿತು. ಕಾಗದಕ್ಕೂ ಬಹುಕಾಲ ಹೊರಗಿನವರನ್ನೇ ನೆಚ್ಚಿದ್ದೆವು. ಈಗ ಮೈಸೂರಿನಲ್ಲೇ ನೋಟಿನ ಕಾಗದದ ಗಿರಣಿ ಇದೆ, ವರ್ಷಕ್ಕೆ 12,000 ಟನ್ ಸಾಮರ್ಥ್ಯದ್ದು. 2022ರ ಮಾರ್ಚ್‌ನಲ್ಲಿ ವರ್ಣಿಕಾ ಎಂಬ ಶಾಯಿ ಘಟಕವೂ ಸೇರಿತು. ವರ್ಷಕ್ಕೆ 1,500 ಟನ್ ಸಾಮರ್ಥ್ಯದ ಈ ಘಟಕದಲ್ಲಿ ಬಣ್ಣ ಬದಲಿಸುವ ಶಾಯಿಯನ್ನೂ ತಯಾರಿಸುತ್ತಾರೆ. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ ಕೂಡಿಬಂದಿರುವುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅಂದಹಾಗೆ, ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು.

ಲೆಕ್ಕ ತಪ್ಪಿದರೆ

ಅಚ್ಚು, ಕಾಗದ, ಶಾಯಿ ಎಲ್ಲ ಅಸಲಿಯಾಗಿದ್ದೂ ನೋಟು ಖೋಟಾ ಆಗಬಹುದೇ? 1925ರಲ್ಲಿ ಪೋರ್ಚುಗಲ್‌ನಲ್ಲಿ ಆಯಿತು. ಆಲ್ವೆಸ್ ದುಸ್ ರೈಸ್ ಎಂಬಾತ ಪೋರ್ಚುಗಲ್ ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಒಪ್ಪಂದಪತ್ರ ಸೃಷ್ಟಿಸಿ, ಆ ದೇಶದ ನೋಟು ಅಚ್ಚು ಹಾಕುತ್ತಿದ್ದ ಲಂಡನ್ನಿನ ವಾಟರ್ಲೋ ಕಂಪನಿಗೇ ಆರ್ಡರ್ ಕೊಡಿಸಿದ. ಕಂಪನಿ ನಂಬಿ, ವಾಸ್ಕೋ ಡ ಗಾಮನ ಚಿತ್ರವಿದ್ದ 500 ಎಸ್ಕುಡೊದ ಎರಡು ಲಕ್ಷ ನೋಟುಗಳನ್ನು ಅಚ್ಚು ಹಾಕಿಕೊಟ್ಟಿತು, ಆಮೇಲೆ ಇನ್ನಷ್ಟನ್ನೂ. ಯಾವ ತಜ್ಞನಿಗೂ ವ್ಯತ್ಯಾಸ ಕಾಣಲಿಲ್ಲ, ಏಕೆಂದರೆ ವ್ಯತ್ಯಾಸವೇ ಇರಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಡಿಸೆಂಬರಿನಲ್ಲಿ, ಒಂದೇ ಸಂಖ್ಯೆಯ ಎರಡೆರಡು ನೋಟು ಕಂಡಾಗ. ಬ್ಯಾಂಕು ಆ ಸರಣಿಯನ್ನೇ ಹಿಂದಕ್ಕೆ ಪಡೆಯಬೇಕಾಯಿತು. 1932ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ವಾಟರ್ಲೋ ಕಂಪನಿ ಆರು ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು.

ನೋಟಿನ ಸಂಖ್ಯೆ ಎಂಬ ಸಾದಾ ಸಾಲಿನ ಮಹತ್ವ ಇದು. ನಮ್ಮ ನೋಟಿನಲ್ಲಿ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುವುದೂ ಒಂದು ಭದ್ರತೆಯೇ.

ಕರ್ನಾಟಕಕ್ಕೆ ಇದೇ ಪಾಠ ಬೇರೆ ದಾರಿಯಿಂದ ಬಂತು. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಡೆಸಿದ್ದು ನೋಟಿನದಲ್ಲ, ಛಾಪಾ ಕಾಗದದ ಖೋಟಾ. ನಾಸಿಕ್‌ನ ಸರ್ಕಾರಿ ಮುದ್ರಣಾಲಯದಿಂದ ಗುಜರಿಗೆ ಹೊರಬಿದ್ದ ಯಂತ್ರಗಳು ಅವನ ಕೈ ಸೇರಿದ್ದವು. ಹಳೆಯ ಯಂತ್ರವನ್ನು ಪುಡಿಗಟ್ಟಿಯೇ ಹೊರಹಾಕಬೇಕು ಎಂಬ ಒಂದು ಎಚ್ಚರಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೇಶ ಆಗ ಕಂಡಿತು.

ಪ್ಲಾಸ್ಟಿಕ್ಕಿನ ದಾರಿ

ಆಸ್ಟ್ರೇಲಿಯಾ 1966ರಲ್ಲಿ ಹೊಸ ಡಾಲರ್ ನೋಟು ತಂದ ವರ್ಷವೇ ಹತ್ತು ಡಾಲರಿನ ಖೋಟಾ ಹರಿದಾಡಿತು. ಅಲ್ಲಿನ ವಿಜ್ಞಾನಿಗಳು ಎರಡು ದಶಕ ದುಡಿದು 1988ರಲ್ಲಿ ಪಾರದರ್ಶಕ ಕಿಟಕಿಯುಳ್ಳ ಪ್ಲಾಸ್ಟಿಕ್ ನೋಟು ತಂದರು. 1996ರ ಹೊತ್ತಿಗೆ ಎಲ್ಲ ನೋಟುಗಳೂ ಪ್ಲಾಸ್ಟಿಕ್ಕಿನವಾದವು. ಭಾರತದಲ್ಲಿ ಹತ್ತು ರೂಪಾಯಿಯ ಪ್ಲಾಸ್ಟಿಕ್ ನೋಟನ್ನು ಪ್ರಯೋಗಕ್ಕೆ ಬಿಡಲು ಆರಿಸಿದ್ದ ಐದು ಊರುಗಳಲ್ಲಿ ಮೈಸೂರೂ ಒಂದಾಗಿತ್ತು. ನೋಟು ಮಾತ್ರ ಜನರ ಕೈಗೆ ಬರಲಿಲ್ಲ.

ಹಳೆಯದನ್ನು ಹಿಂದೆಗೆಯುವ ಬಗೆ

ಭದ್ರತೆಗೂ ವಯಸ್ಸಾಗುತ್ತದೆ. ನಕಲುಗಾರರು ಕಲಿತಷ್ಟೂ ನೋಟು ಬದಲಾಗಬೇಕು. 1996ರ ಗಾಂಧಿ ಸರಣಿಗೆ 2005ರಲ್ಲಿ ಹೊಸ ಗುರುತುಗಳು ಸೇರಿದವು. 2014ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 2005ಕ್ಕಿಂತ ಹಿಂದಿನ ನೋಟುಗಳನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿತು. ಹಿಂಬದಿಯಲ್ಲಿ ಇಸವಿ ಇಲ್ಲದಿದ್ದರೆ ಅದು ಹಳೆಯದು, ಬ್ಯಾಂಕಿಗೆ ತಂದು ಬದಲಿಸಿಕೊಳ್ಳಿ, ಆದರೂ ಅದರ ಬೆಲೆ ಹಾಗೆಯೇ ಇರುತ್ತದೆ ಎಂದಿತು. ಯಾರ ಗಂಟಿನ ನೋಟೂ ರಾತ್ರೋರಾತ್ರಿ ಬರಿ ಕಾಗದವಾಗಲಿಲ್ಲ. 2016ರ ನವೆಂಬರ್ 8ರ ನೋಟು ರದ್ದತಿಗೆ ಕೊಟ್ಟ ಕಾರಣಗಳಲ್ಲಿ ಖೋಟಾ ನೋಟೂ ಒಂದು. ಆದರೆ ಆಗ ಸರ್ಕಾರ ಸಂಸತ್ತಿನ ಮುಂದಿಟ್ಟ ಅಂದಾಜು ಪ್ರತಿ ಹತ್ತು ಲಕ್ಷ ನೋಟಿಗೆ 250 ಖೋಟಾ ನೋಟು ಎಂಬುದಾಗಿತ್ತು. ಖೋಟಾ ನೋಟನ್ನು ಹೊರಹಾಕುವುದೇ ಗುರಿಯಾದರೆ 2014ರ ದಾರಿಯೇ ಸರಿಯಾದದ್ದೆಂದು ನಾನು ದೃಢವಾಗಿ ನಂಬುತ್ತೇನೆ.

ಕಾನೂನು ಮತ್ತು ಕೌಂಟರು

ಖೋಟಾ ನೋಟು ಗಡಿ ದಾಟುವ ಅಪರಾಧ. ಪೋರ್ಚುಗಲ್ ಪ್ರಕರಣದ ವರ್ಷವೇ ಹಂಗೇರಿಯಲ್ಲಿ ಫ್ರಾನ್ಸಿನ ನೋಟುಗಳ ಖೋಟಾ ಬಯಲಾಗಿ, 1929ರ ಏಪ್ರಿಲ್‌ನಲ್ಲಿ ದೇಶಗಳು ಜಿನೀವಾದಲ್ಲಿ ಸೇರಿ ಒಪ್ಪಂದ ಮಾಡಿಕೊಂಡವು. ಯಾವ ದೇಶದ ನೋಟನ್ನು ಯಾರು ಖೋಟಾ ಮಾಡಿದರೂ ಅಪರಾಧವೇ ಎಂಬುದು ಅದರ ತಿರುಳು.

ನಮ್ಮಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 178ರಿಂದ 182ರವರೆಗಿನ ಕಲಮುಗಳು ಅನ್ವಯಿಸುತ್ತವೆ. ಖೋಟಾ ನೋಟು ತಯಾರಿಸಿದರೆ ಜೀವಾವಧಿಯವರೆಗೆ ಶಿಕ್ಷೆ ಆಗಬಹುದು. ಖೋಟಾ ಎಂದು ಗೊತ್ತಿದ್ದೂ ಚಲಾಯಿಸುವ ಉದ್ದೇಶದಿಂದ ಇಟ್ಟುಕೊಂಡರೆ ಏಳು ವರ್ಷದವರೆಗೆ. ಒಳ್ಳೆಯ ಗುಣಮಟ್ಟದ ಖೋಟಾ ನೋಟಿನಿಂದ ದೇಶದ ಹಣಕಾಸಿಗೆ ಧಕ್ಕೆ ತರುವುದನ್ನು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಡಿ ಭಯೋತ್ಪಾದನೆಯ ಕೃತ್ಯಗಳಿಗೂ ಸೇರಿಸಲಾಗಿದೆ.

ಕೈಗೆ ಖೋಟಾ ನೋಟು ಬಂದು, ತಿಳಿಯದೆ ಅದನ್ನು ಬ್ಯಾಂಕಿಗೆ ಕಟ್ಟಲು ಹೋದರೆ ಏನಾಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಕ್ಯಾಷಿಯರ್ ಅದಕ್ಕೆ ಖೋಟಾ ನೋಟು ಎಂಬ ಮುದ್ರೆ ಒತ್ತಿ ವಶಪಡಿಸಿಕೊಳ್ಳಬೇಕು. ನಿಮಗೆ ವಾಪಸು ಕೊಡುವಂತಿಲ್ಲ, ಹರಿದು ಎಸೆಯುವಂತೆಯೂ ಇಲ್ಲ. ಅದರ ಬದಲಿಗೆ ರಸೀದಿ ಕೊಡಲೇಬೇಕು. ಒಂದೇ ವ್ಯವಹಾರದಲ್ಲಿ ನಾಲ್ಕು ನೋಟಿನವರೆಗೆ ಸಿಕ್ಕರೆ ಬ್ಯಾಂಕು ತಿಂಗಳ ಕೊನೆಗೆ ಎಲ್ಲ ಸೇರಿಸಿ ಪೊಲೀಸರಿಗೆ ವರದಿ ಕಳಿಸುತ್ತದೆ. ಐದು ಅಥವಾ ಹೆಚ್ಚು ಸಿಕ್ಕರಷ್ಟೇ ಕೂಡಲೇ ಎಫ್ಐಆರ್. ಅಂದರೆ ಒಂದೆರಡು ನೋಟು ಹಿಡಿದು ಬಂದ ಬಡಪಾಯಿಯನ್ನು ಠಾಣೆಗೆ ಎಳೆಯುವ ಉದ್ದೇಶ ನಿಯಮಕ್ಕಿಲ್ಲ. ಇದು ಗೊತ್ತಿಲ್ಲದೆ ಜನ ಹೆದರುತ್ತಾರೆ, ಹೆದರಿ ಅದನ್ನು ಕತ್ತಲಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ, ಆಗ ಅದು ನಿಜವಾಗಿಯೂ ಅಪರಾಧವಾಗುತ್ತದೆ.

ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ಖೋಟಾ ನೋಟು 2016–17ರಲ್ಲಿ 7,62,072 ಇದ್ದದ್ದು 2023–24ರಲ್ಲಿ 2,22,639ಕ್ಕೆ ಇಳಿದಿದೆ. ಇದು ಬ್ಯಾಂಕಿನ ಬಾಗಿಲವರೆಗೆ ಬಂದ ನೋಟುಗಳ ಲೆಕ್ಕ ಮಾತ್ರ. ಪ್ರತಿ ನೋಟಿನ ಹಿಂದೆ ನಷ್ಟ ಹೊತ್ತ ಒಬ್ಬರಿದ್ದಾರೆ, ಮತ್ತು ಆ ನಷ್ಟಕ್ಕೆ ಸರ್ಕಾರ ಚಿಕ್ಕಾಸನ್ನೂ ಕೊಡುವುದಿಲ್ಲ. ಪರಿಹಾರ ಕೊಟ್ಟರೆ ಖೋಟಾ ಮಾಡುವವರೇ ಬಂದು ನಿಲ್ಲುತ್ತಾರೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಪರಿಹಾರ ಕೊಡಲಾಗದ ಸರ್ಕಾರಕ್ಕೆ ಇನ್ನೊಂದು ಹೊಣೆ ಇದ್ದೇ ಇದೆ: ನೋಟನ್ನು ಬರಿಗೈಯಲ್ಲಿ ಪರೀಕ್ಷಿಸುವ ಬಗೆಯನ್ನು ಸಂತೆ, ಬಸ್ ನಿಲ್ದಾಣ, ಸ್ವಸಹಾಯ ಸಂಘಗಳಿಗೆ ಕನ್ನಡದಲ್ಲಿ, ನೋಟು ಕೈಯಲ್ಲಿಟ್ಟೇ ಕಲಿಸುವುದು.

ಕಣ್ಣು ಕಾಣದ ವ್ಯಾಪಾರಿಗಳ ಪಾಡು ಇನ್ನೂ ಕಷ್ಟದ್ದು. ಅವರಿಗಾಗಿ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಡುಗಡೆ ಮಾಡಿದ ‘ಮಣಿ’ ಆ್ಯಪ್ ನೋಟಿನ ಮುಖಬೆಲೆಯನ್ನು ಓದಿ ಹೇಳುತ್ತದೆ, ಅಸಲಿಯೋ ಖೋಟಾವೋ ಎಂಬುದನ್ನು ಹೇಳುವುದಿಲ್ಲ. ಅವರಿಗೆ ಉಳಿದದ್ದು ಅಂಚಿನ ಉಬ್ಬುಗೆರೆಗಳು. ನೋಟು ಕೈಯಿಂದ ಕೈಗೆ ಓಡಾಡಿ ಮಾಸಿದಂತೆ ಆ ಗೆರೆಗಳೇ ಮೊದಲು ಸವೆಯುತ್ತವೆ. ಮಾಸಿದ ನೋಟನ್ನು ಯಾವುದೇ ಬ್ಯಾಂಕ್ ಶಾಖೆಯಲ್ಲಿ, ಅಲ್ಲಿ ಖಾತೆ ಇಲ್ಲದಿದ್ದರೂ, ಬದಲಿಸಿಕೊಳ್ಳಬಹುದು.